ಹೊಸರಿತ್ತಿಯ ಕಂದಾಯ, ಲಂಡನ್ನಿನ ಕಡತ

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರನ್ನು ನೋಡಬೇಕು. ಚೀಲದ ಬಾಯಲ್ಲಿರುವ ಕೆಂಪು ಕಾಯಿಗೆ ಅವರು ಮರುಳಾಗುವುದಿಲ್ಲ. ಮೊಣಕೈತನಕ ಕೈ ಇಳಿಸಿ ತಳದ ಕಾಯಿ ತೆಗೆಯುತ್ತಾರೆ. ಸರ್ಕಾರಗಳು ಗುಟ್ಟಿನ ಕಡತ ಬಿಚ್ಚಿದಾಗಲೆಲ್ಲ ನನಗೆ ಆ ಕೈ ನೆನಪಾಗುತ್ತದೆ.

2016ರ ಜುಲೈ 15ರಂದು ಅಮೆರಿಕ 28 ಪುಟಗಳನ್ನು ಬಹಿರಂಗಪಡಿಸಿತು. 2001ರ ಸೆಪ್ಟೆಂಬರ್ 11ರ ದಾಳಿಯನ್ನು ಕುರಿತು ಅಲ್ಲಿನ ಸಂಸತ್ತು 2002ರಲ್ಲಿ ನಡೆಸಿದ ತನಿಖೆಯಲ್ಲಿ ಮುಚ್ಚಿಟ್ಟಿದ್ದ ಭಾಗ ಅದು. ವಿಮಾನ ಅಪಹರಿಸಿದ 19 ಮಂದಿಯಲ್ಲಿ 15 ಮಂದಿ ಸೌದಿ ಅರೇಬಿಯದವರು. ಅವರ ಬೆನ್ನಿಗೆ ಆ ಸರ್ಕಾರದ ಜನ ಇದ್ದರೇ ಎಂಬುದು ಪ್ರಶ್ನೆ. ನಾನೂ ಮೊಬೈಲಿನಲ್ಲಿ ಇಳಿಸಿಕೊಂಡು ಓದಿದೆ. ಯಾರೋ ನೆರವಾದರಂತೆ, ಯಾರದೋ ಖಾತೆಗೆ ಹಣ ಬಂದಿತಂತೆ. ಅಂತೆಗಳ ನಡುವೆ ಕಪ್ಪು ಬಳಿದ ಸಾಲುಗಳು. ಸೌದಿ ಸರ್ಕಾರವೇ ಹಣ ಒದಗಿಸಿತು ಎನ್ನಲು ಸಾಕ್ಷ್ಯ ಸಿಗಲಿಲ್ಲವೆಂದು ತನಿಖಾ ಆಯೋಗ 2004ರಲ್ಲೇ ಹೇಳಿತ್ತು. ಸತ್ತವರ ಮನೆಯವರು ಮಾತ್ರ ವರ್ಷಗಟ್ಟಲೆ ಆ ಪುಟಗಳಿಗಾಗಿ ಬಾಗಿಲು ಬಡಿದಿದ್ದರು. ಅದರಲ್ಲಿ ಏನಿದೆ ಎಂಬುದಕ್ಕಿಂತ, ಇಷ್ಟನ್ನು ಇಷ್ಟು ದಿನ ಯಾಕೆ ಮುಚ್ಚಿಟ್ಟರು ಎಂಬುದೇ ನನ್ನನ್ನು ಕಾಡಿತು.

ಆ ಪ್ರಶ್ನೆ ನನ್ನನ್ನು ನಮ್ಮ ಸೀಮೆಗೇ ತಂದು ಬಿಟ್ಟಿತು. ರಾಣೆಬೆನ್ನೂರಿನಿಂದ ಹಾವೇರಿಗೆ ಹೋಗುವ ದಾರಿಯಲ್ಲಿ ಮೋಟೆಬೆನ್ನೂರು ಸಿಗುತ್ತದೆ. 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಏಕೈಕ ಕನ್ನಡಿಗ ಮೈಲಾರ ಮಹದೇವಪ್ಪನವರ ಊರು. 1942ರ ಚಲೇಜಾವ್ ಹೊತ್ತಿಗೆ ಅವರು ಭೂಗತರಾಗಿ ಹೋರಾಟಕ್ಕಿಳಿದಿದ್ದರು. ಆ ಹೋರಾಟದಲ್ಲಿ ಕರ್ನಾಟಕವೊಂದರಲ್ಲೇ 1,600 ಕಡೆ ತಂತಿ ಕತ್ತರಿಸಿದರು, 26 ರೈಲು ನಿಲ್ದಾಣ, 32 ಅಂಚೆ ಕಚೇರಿಗಳ ಮೇಲೆ ದಾಳಿಯಾಯಿತು ಎಂದು ಇತಿಹಾಸಕಾರರು ಲೆಕ್ಕ ಕೊಡುತ್ತಾರೆ.

ಆಗಲೂ ಬ್ರಿಟಿಷ್ ಸರ್ಕಾರದ ಬಾಯಲ್ಲಿ ಹೋರಾಟಗಾರರ ಬೆನ್ನಿಗೆ ಪರದೇಶದವರಿದ್ದಾರೆ ಎಂಬ ಮಾತೇ. ಜಪಾನ್ ಬರ್ಮಾಕ್ಕೆ ಬಂದಿತ್ತು; 1942ರ ಏಪ್ರಿಲ್‌ನಲ್ಲಿ ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಿತ್ತು; ಬರ್ಲಿನ್ನಿನ ರೇಡಿಯೋದಲ್ಲಿ ಸುಭಾಷರ ದನಿ ಕೇಳುತ್ತಿತ್ತು. ಅನುಮಾನ ಬರೀ ಗಾಳಿಯಲ್ಲಿ ಹುಟ್ಟಿದ್ದಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಅಲಹಾಬಾದಿನ ಕಾಂಗ್ರೆಸ್ ಕಚೇರಿಯಿಂದ ಪೊಲೀಸರು ಒಂದು ನಿರ್ಣಯದ ಕರಡನ್ನೂ ಅದರ ಚರ್ಚೆಯ ಕಾಗದಗಳನ್ನೂ ಎತ್ತಿಕೊಂಡು ಹೋಗಿದ್ದರು. ಸ್ವತಂತ್ರ ಭಾರತ ಮೊದಲು ಜಪಾನಿನೊಂದಿಗೆ ಮಾತುಕತೆಗೆ ಹೋದೀತು ಎಂಬ ಅರ್ಥದ ಗಾಂಧೀಜಿಯ ಮಾತು ಆ ಕರಡಿನಲ್ಲಿತ್ತು. ಕರಡಿನ ಒಲವು ಜಪಾನಿನ ಕಡೆಗಿದೆ ಎಂದು ನೆಹರೂ ಸಭೆಯಲ್ಲೇ ಆಕ್ಷೇಪಿಸಿದ್ದರು. ಕರಡು ಹಾಗೇ ಅಂಗೀಕಾರವಾಗಲೂ ಇಲ್ಲ. ಆದರೆ ಸರ್ಕಾರ ಆ ಕಾಗದಗಳನ್ನು ಲೋಕದ ಮುಂದಿಟ್ಟದ್ದು ಆಗಸ್ಟ್ ಮೊದಲ ವಾರ, ಕಾಂಗ್ರೆಸ್ಸಿನ ಮುಂಬಯಿ ಅಧಿವೇಶನಕ್ಕೆ ಕೆಲವೇ ದಿನ ಇದ್ದಾಗ.

ಅದೇ ಆಗಸ್ಟ್ 31ರಂದು ವೈಸ್‌ರಾಯ್ ಲಿನ್ಲಿತ್ಗೋ ಚರ್ಚಿಲ್‌ಗೆ ಗುಟ್ಟಿನ ತಂತಿ ಕಳಿಸಿದ. 1857ರ ನಂತರ ಇಂಥ ಬಂಡಾಯ ಆಗಿಲ್ಲ, ಇದರ ತೀವ್ರತೆಯನ್ನು ಈವರೆಗೆ ಲೋಕಕ್ಕೆ ತಿಳಿಯದಂತೆ ಮುಚ್ಚಿಟ್ಟಿದ್ದೇವೆ ಎಂಬುದು ಅದರ ಸಾರ. ಅದು ಅಚ್ಚಾಗಿ ಹೊರಬಂದದ್ದು ಲಂಡನ್ನಿನಲ್ಲಿ, 1971ರಲ್ಲಿ, ಅಧಿಕಾರ ಹಸ್ತಾಂತರದ ದಾಖಲೆಗಳ ಎರಡನೇ ಸಂಪುಟದಲ್ಲಿ.

ಒಂದೇ ತಿಂಗಳು, ಒಂದೇ ಸರ್ಕಾರ. ಎದುರಾಳಿಯ ಕಾಗದ ಬಿಚ್ಚಿತು, ತನ್ನ ಕಾಗದ ಕಟ್ಟಿಟ್ಟಿತು. ಎರಡೂ ಕಾಗದ ಅಸಲಿಯೇ. ಇಲ್ಲೇ ನಾನು ಎಡವುತ್ತಿದ್ದೆ. ಕಡತ ಹೊರಬಂತೆಂದರೆ ಸತ್ಯ ಹೊರಬಂತೆಂದು ತಿಳಿದು ಒಳಗಿನ ಅಕ್ಷರಕ್ಕೆ ಜೋತುಬೀಳುತ್ತಿದ್ದೆ. ಬಿಚ್ಚಿದವರು ಯಾರು, ಯಾವ ದಿನ, ಅದರ ಪಕ್ಕದ ಕಟ್ಟು ಯಾಕೆ ಇನ್ನೂ ದಾರ ಸುತ್ತಿಕೊಂಡು ಕೂತಿದೆ ಎಂದು ಕೇಳುವ ಬುದ್ಧಿ ಇರಲಿಲ್ಲ.

1943ರ ಫೆಬ್ರವರಿಯಲ್ಲಿ, ಗಾಂಧೀಜಿ ಆಗಾ ಖಾನ್ ಅರಮನೆಯಲ್ಲಿ ಉಪವಾಸ ಕೂತಿದ್ದಾಗ, ಗಲಭೆಗಳಿಗೆ ಕಾಂಗ್ರೆಸ್ಸೇ ಹೊಣೆ ಎಂದು ಸರ್ಕಾರ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿತು. ಅಲಹಾಬಾದಿನ ಆ ಕಾಗದಗಳು ಅಲ್ಲೂ ಕೆಲಸಕ್ಕೆ ಬಂದವು. ಅದಾಗಿ ಎರಡು ತಿಂಗಳೂ ಆಗಿರಲಿಲ್ಲ. ಏಪ್ರಿಲ್ 1ರಂದು, ವರದಾ ತೀರದ ಹೊಸರಿತ್ತಿಯಲ್ಲಿ, ದೇವಸ್ಥಾನದಲ್ಲಿಟ್ಟಿದ್ದ ಕಂದಾಯದ ಹಣ ವಶಪಡಿಸಿಕೊಳ್ಳಲು ಹೋದ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಪೊಲೀಸರ ಗುಂಡಿಗೆ ಬಲಿಯಾದರು. ಮಹದೇವಪ್ಪನವರಿಗೆ ಆಗ ಮೂವತ್ತೊಂದು.

ಕಾಲೇಜಿನಲ್ಲಿದ್ದಾಗ ಈ ಜಪಾನಿನ ವಿಚಾರ ಓದಿಕೊಂಡು ಬಂದ ಹುರುಪಿನಲ್ಲಿ ನಮ್ಮ ಓಣಿಯ ಅಜ್ಜನೊಬ್ಬನನ್ನು ಕೇಳಿದ್ದೆ: ‘ಅಜ್ಜಾ, ಇವರ ಹಿಂದ ಜಪಾನಿನವರು ಇದ್ರಂತ, ಖರೇ ಏನು?’ ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜ ತಲೆ ಎತ್ತಲಿಲ್ಲ.

‘ಕಂದಾಯ ಕಟ್ಟಿದಾವ್ರು ನಾವು. ರೊಕ್ಕ ಎಲ್ಲೈತಿ ಅಂತ ಹೇಳಾಕ ಜಪಾನಿನಾವ್ ಯಾಕ ಬೇಕೋ ತಮ್ಮಾ?’