ಗಾಯ, ಗಿಡಮೂಲಿಕೆ ಮತ್ತು ಪ್ರಮಾಣ

ಈಳಿಗೆಮಣೆ ತಾಗಿ ಬೆರಳು ಕುಯ್ದಾಗ ಅದರ ಮೇಲೆ ಚಿಟಿಕೆ ಅರಿಶಿನ ಒತ್ತುವುದು ಅಡುಗೆಮನೆಯ ಹಳೆಯ ರೂಢಿ. ಕೆಲವು ದಿನಗಳಲ್ಲಿ ಗಾಯ ಮಾಯುತ್ತದೆ. ಅರಿಶಿನದಿಂದ ಮಾಯಿತು ಎಂಬ ಮಾತು ನಿಲ್ಲುತ್ತದೆ. ಆದರೆ ಏನನ್ನೂ ಹಚ್ಚದೆ ಶುಚಿಯಾಗಿ ಇಟ್ಟುಕೊಂಡ ಸಣ್ಣ ಗಾಯವೂ ಮಾಯುತ್ತದೆ. ಹಾಗಾದರೆ ಮಾಯಿಸಿದ್ದು ಮೂಲಿಕೆಯೇ ಎಂದು ಅರಿಯುವುದು ಹೇಗೆ? ವೈದ್ಯದ್ದೆಂದು ತೋರುವ ಈ ಪ್ರಶ್ನೆ ಮೂಲದಲ್ಲಿ ಜ್ಞಾನಮೀಮಾಂಸೆಯದು.

ಸರಿಯಾದ ಅರಿವಿನ ಸಾಧನವನ್ನು ಭಾರತೀಯ ದರ್ಶನಗಳು ಪ್ರಮಾಣ ಎನ್ನುತ್ತವೆ. ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಇಂಥ ನಾಲ್ಕು ಸಾಧನಗಳಿವೆ: ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ. ಮೂಲಿಕೆಯ ವಿಷಯದಲ್ಲಿ ನಾಲ್ಕೂ ಬೇಕಾಗುತ್ತವೆ. ಯಾವುದೂ ಒಂಟಿಯಾಗಿ ಸಾಲದು.

ಆಪ್ತೋಪದೇಶವೆಂದರೆ ನಂಬಲರ್ಹರ ಮಾತು. ಅದರ ಬಲವೂ ಮಿತಿಯೂ ಒಂದು ಪೇಟೆಂಟ್ ವ್ಯಾಜ್ಯದಲ್ಲಿ ಒಟ್ಟಿಗೆ ಕಂಡವು. ಗಾಯ ಮಾಯಿಸಲು ಅರಿಶಿನ ಬಳಸುವ ವಿಧಾನಕ್ಕೆ 1995ರಲ್ಲಿ ಅಮೆರಿಕವು ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ಕೊಟ್ಟಿತು. ಭಾರತದ ಸಿಎಸ್‌ಐಆರ್ ಸಂಸ್ಥೆ ಮರುವರ್ಷ ಅದನ್ನು ಪ್ರಶ್ನಿಸಿತು. ಅಲ್ಲಿ ಮನೆಮನೆಯ ರೂಢಿ ಸಾಕ್ಷ್ಯವಾಗುವಂತಿರಲಿಲ್ಲ, ಅಚ್ಚಾದ ಬರಹ ಬೇಕಿತ್ತು. ಹಳೆಯ ಗ್ರಂಥಗಳನ್ನೂ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯ 1953ರ ಲೇಖನವನ್ನೂ ಮುಂದಿಟ್ಟ ಮೇಲೆ, 1997ರಲ್ಲಿ ಪೇಟೆಂಟ್ ರದ್ದಾಯಿತು. ಈ ತಿಳಿವಳಿಕೆ ಹೊಸದಲ್ಲ ಎಂಬಷ್ಟನ್ನೇ ಆ ತೀರ್ಮಾನ ಸ್ಥಾಪಿಸಿತು. ಅರಿಶಿನ ನಿಜಕ್ಕೂ ಗಾಯ ಮಾಯಿಸುತ್ತದೆಯೇ ಎಂಬುದು ಅಲ್ಲಿ ಇತ್ಯರ್ಥಕ್ಕೆ ಬಂದಿರಲಿಲ್ಲ. ಹಳೆಯ ಮಾತಾಗಿರುವುದು ಬೇರೆ, ದಿಟವಾಗಿರುವುದು ಬೇರೆ.

ಪ್ರತ್ಯಕ್ಷಕ್ಕೆ ಇನ್ನೊಂದು ತೊಡಕು. ಕಾಗೆ ಕೂತ ಗಳಿಗೆಗೇ ತಾಳೆಹಣ್ಣು ಬಿದ್ದರೆ ಕಾಗೆಯೇ ಬೀಳಿಸಿತೆನ್ನುವುದನ್ನು ಕಾಕತಾಳೀಯ ಎನ್ನುತ್ತಾರೆ. ತಾನಾಗಿ ಮಾಯುವ ಗಾಯದಲ್ಲಿ ಈ ಭ್ರಮೆಗೆ ಎಡೆ ಹೆಚ್ಚು. ಕಣ್ಣಿಗೆ ಕಾಣುವುದು ಹಚ್ಚಿದ್ದು ಮತ್ತು ಮಾಯಿದ್ದು. ನಡುವಿನ ಕಾರಣ ಕಾಣುವುದಿಲ್ಲ.

ಆ ನಡುವನ್ನು ತುಂಬುವುದು ಅನುಮಾನ. ಗಾಯವಾದೊಡನೆ ರಕ್ತ ಹೆಪ್ಪುಗಟ್ಟುತ್ತದೆ, ಬಳಿಕ ಉರಿಯೂತ, ಆಮೇಲೆ ಹೊಸ ಅಂಗಾಂಶ, ಕೊನೆಗೆ ತಿಂಗಳುಗಟ್ಟಲೆ ನಡೆಯುವ ಮರುಜೋಡಣೆ. ಅರಿಶಿನದ ಕರ್ಕ್ಯುಮಿನ್ ಉರಿಯೂತದ ಸಂಕೇತಗಳನ್ನು ತಗ್ಗಿಸುತ್ತದೆ. ಒಂದೆಲಗದ ಏಷಿಯಾಟಿಕೋಸೈಡ್ ಕೊಲ್ಯಾಜನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಇವೆಲ್ಲ ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡ ಸಂಗತಿಗಳು. ಅಲ್ಲಿ ಆದದ್ದು ಚರ್ಮದ ಮೇಲೂ ಆಗಲೇಬೇಕೆಂದರೆ ತರ್ಕ ಎಡವುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆ ಇರದು, ಹಸಿ ಸೌದೆಯೆಂಬ ಉಪಾಧಿ ಬೇಕು ಎಂದು ನೈಯಾಯಿಕರು ಎಚ್ಚರಿಸುತ್ತಾರೆ. ನೀರಿನಲ್ಲಿ ಸರಿಯಾಗಿ ಕರಗದ, ಬೇಗ ಒಡೆದುಹೋಗುವ ಕರ್ಕ್ಯುಮಿನ್ ಗಾಯದ ಒಳಪದರವನ್ನು ಸಾಕಷ್ಟು ಮುಟ್ಟುವುದೇ ಇಲ್ಲಿನ ಉಪಾಧಿ.

ಯುಕ್ತಿಯನ್ನು ಬೇರೆಯೇ ಸಾಧನವೆಂದು ಎಣಿಸಿದ್ದು ಚರಕಸಂಹಿತೆಯ ವಿಶೇಷ. ಹಲವು ಕಾರಣ ಕೂಡಿ ಒಂದು ಫಲವಾಗುವುದನ್ನು ಕಾಣುವ ಬುದ್ಧಿಯೇ ಯುಕ್ತಿ. ನೀರು, ಉಳುಮೆ, ಬೀಜ, ಋತು ಕೂಡಿದರೆ ಬೆಳೆ ಎಂಬುದು ಅಲ್ಲಿನ ದೃಷ್ಟಾಂತ. ಸುಶ್ರುತಸಂಹಿತೆಯೂ ವ್ರಣಕ್ಕೆ ಒಂದೇ ಮದ್ದು ಹೇಳದೆ 60 ಉಪಕ್ರಮಗಳನ್ನು ಹೇಳುತ್ತದೆ. ಕಷಾಯ, ತೈಲಗಳ ಜೊತೆಗೆ ಕಟ್ಟು, ಆಹಾರ, ರಕ್ಷಣೆಯೂ ಅದರಲ್ಲಿವೆ.

ಕೂಡಿದ ಕಾರಣಗಳಲ್ಲಿ ಒಂದರ ಪಾಲೆಷ್ಟು ಎಂಬುದನ್ನು ಬಿಡಿಸಿ ತೋರಿಸುವುದು ಹೋಲಿಕೆಯ ಪರೀಕ್ಷೆ. ಮುಟ್ಟಿದರೆ ಗುಳ್ಳೆಯೆದ್ದು ಚರ್ಮ ಸುಲಿಯುವ ಎಪಿಡರ್ಮೋಲಿಸಿಸ್ ಬುಲ್ಲೋಸ ಎಂಬ ಆನುವಂಶಿಕ ಕಾಯಿಲೆಯಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆಯಿದೆ. ಬರ್ಚ್ ಮರದ ತೊಗಟೆಯ ಟ್ರೈಟರ್ಪೀನ್‌ಗಳಿಂದ ಮಾಡಿದ ಜೆಲ್ ಹಚ್ಚಿದವರಲ್ಲಿ ಶೇ. 41.3 ಮಂದಿಯ ಗಾಯ 45 ದಿನಗಳೊಳಗೆ ಪೂರ್ತಿ ಮುಚ್ಚಿತು. ಆ ಸಾರವಿಲ್ಲದ ಜೆಲ್ ಹಚ್ಚಿದವರಲ್ಲಿ ಶೇ. 28.9. ಈ ಔಷಧಕ್ಕೆ ಐರೋಪ್ಯ ಒಕ್ಕೂಟ 2022ರಲ್ಲಿ, ಅಮೆರಿಕ 2023ರಲ್ಲಿ ಒಪ್ಪಿಗೆ ಕೊಟ್ಟವು.

ಎರಡು ಅಂಕಿಗಳ ನಡುವಿನ ಸುಮಾರು 12ರ ಅಂತರವೇ ತೊಗಟೆಯ ಸಾರದ ಪಾಲು. ಉಳಿದದ್ದು ದೇಹದ ಸ್ವಭಾವ, ಆರೈಕೆ ಮತ್ತು ಕಾಲದ ಪಾಲು. ಮೂಲಿಕೆ ಗಾಯ ಮಾಯಿಸುತ್ತದೆ ಎನ್ನುವ ಮಾತು ಹೊಲದಲ್ಲಿ ನೀರು ಬೆಳೆಯನ್ನು ಬೆಳೆಸುತ್ತದೆ ಎನ್ನುವ ಮಾತಿನಷ್ಟೇ ನಿಜ.