ಹಾಜರಿ ಯಾರಿಗಾಗಿ

ಮನೆಯಿಂದ ಕೆಲಸ ಮಾಡುವುದು ಸರಿಯೋ ಕಚೇರಿಗೆ ಮರಳುವುದು ಸರಿಯೋ ಎಂಬ ವಿವಾದವು 2020ರ ಲಾಕ್‌ಡೌನ್‌ನಿಂದ ಈಚೆಗೆ ಬೆಂಗಳೂರಿನಂಥ ನಗರಗಳಲ್ಲಿ ಬಹುಮಟ್ಟಿಗೆ ಒಂದೇ ಅಳತೆಗೋಲನ್ನು ಹಿಡಿದು ನಡೆದಿದೆ. ಆ ಅಳತೆಗೋಲು ಉತ್ಪಾದಕತೆ, ಅಂದರೆ ಇಷ್ಟು ಹೊತ್ತಿನಲ್ಲಿ ಒಬ್ಬ ನೌಕರನ ಕೈಯಿಂದ ಎಷ್ಟು ಕೆಲಸ ಮುಗಿಯಿತು ಎಂಬ ಲೆಕ್ಕ. ಕಚೇರಿಗೆ ಬಂದರೆ ಕೆಲಸ ಹೆಚ್ಚು ಸಾಗುತ್ತದೆ ಎಂದು ಆಡಳಿತ ವರ್ಗ ಹೇಳಿದರೆ, ಮನೆಯಲ್ಲಿದ್ದಾಗಲೇ ಹೆಚ್ಚು ಸಾಗಿತ್ತು ಎಂದು ನೌಕರರು ಹೇಳುತ್ತಾರೆ. ಅಳತೆಗೋಲನ್ನು ಮಾತ್ರ ಇಬ್ಬರೂ ಪ್ರಶ್ನಿಸುವುದಿಲ್ಲ. ಆದರೆ ಒಬ್ಬ ಮನುಷ್ಯನು ತನ್ನೆದುರು ಹಾಜರಿರಬೇಕೆಂದು ಕೇಳುವ ಹಕ್ಕು ಯಾರಿಗೆ, ಯಾವ ಕಾರಣಕ್ಕೆ, ಎಷ್ಟರ ಮಟ್ಟಿಗೆ ಇದೆ ಎಂಬುದು ಮೂಲತಃ ನ್ಯಾಯದ ಪ್ರಶ್ನೆಯಾಗಿದ್ದು, ಅದನ್ನು ಉತ್ಪಾದಕತೆಯ ಅಂಕಿಗಳಿಂದಷ್ಟೇ ಬಿಡಿಸಲು ಬರುವುದಿಲ್ಲ.

ಅಂಕಿಗಳು ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಸಾಗುವುದೂ ಇದನ್ನೇ ಸೂಚಿಸುತ್ತದೆ. ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪನಿಯ ಶಾಂಘೈ ಕಾಲ್ ಸೆಂಟರ್ ನೌಕರರ ಮೇಲೆ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಪ್ರಯೋಗ ನಡೆಸಿ, 2015ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಮನೆಯಿಂದ ದುಡಿದವರ ಸಾಧನೆ ಶೇ. 13ರಷ್ಟು ಹೆಚ್ಚಿತ್ತು, ಆದರೆ ಆ ಹೆಚ್ಚಳದ ದೊಡ್ಡ ಪಾಲು ಬಂದದ್ದು ವಿರಾಮ ಮತ್ತು ಅನಾರೋಗ್ಯದ ರಜೆಗಳು ಕಡಿಮೆಯಾಗಿ ದುಡಿಮೆಯ ನಿಮಿಷಗಳೇ ಬೆಳೆದದ್ದರಿಂದ. ಇದಕ್ಕೆ ವಿರುದ್ಧವಾಗಿ, ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಹೊಸದಾಗಿ ಸೇರಿಸಿಕೊಂಡವರನ್ನು ಯಾದೃಚ್ಛಿಕವಾಗಿ ಮನೆಗೂ ಕಚೇರಿಗೂ ಹಂಚಿ ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್ ಮತ್ತು ಸುಮಿತ್ ಶಿಂದೆ ನಡೆಸಿದ ಅಧ್ಯಯನದಲ್ಲಿ, ಮನೆಯಲ್ಲಿ ದುಡಿದವರ ಉತ್ಪಾದಕತೆ ಶೇ. 18ರಷ್ಟು ಕಡಿಮೆಯಿತ್ತು, ಅದರಲ್ಲಿ ಮೂರನೇ ಎರಡು ಭಾಗದಷ್ಟು ಅಂತರ ಮೊದಲ ದಿನವೇ ಕಂಡಿತು, ಉಳಿದದ್ದು ಕಚೇರಿಯವರು ಬೇಗ ಕಲಿತದ್ದರಿಂದ ಬೆಳೆಯಿತು.

ಈ ಎರಡು ಫಲಿತಾಂಶಗಳಲ್ಲಿ ಒಂದನ್ನು ನಿಜವೆಂದೂ ಇನ್ನೊಂದನ್ನು ಸುಳ್ಳೆಂದೂ ಎಣಿಸಬೇಕಾಗಿಲ್ಲ. ಸಿಟ್ರಿಪ್ ಪ್ರಯೋಗಕ್ಕೆ ಸೇರಲು ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಸಂಪರ್ಕ, ಕೆಲಸಕ್ಕೆ ಪ್ರತ್ಯೇಕವಾದ ಕೋಣೆ ಮತ್ತು ಕಂಪನಿಯಲ್ಲಿ ಕನಿಷ್ಠ ಆರು ತಿಂಗಳ ಸೇವೆ ಇರಬೇಕಾಗಿತ್ತು. ಹೀಗಾಗಿ ಅಲ್ಲಿ ಅಳೆಯಲ್ಪಟ್ಟದ್ದು ಕೆಲಸ ಬಲ್ಲವರ, ಬಾಗಿಲು ಹಾಕಿಕೊಳ್ಳಬಲ್ಲವರ ಮನೆ. ಚೆನ್ನೈ ಅಧ್ಯಯನದಲ್ಲಿ ಇನ್ನೂ ಕಳವಳ ಹುಟ್ಟಿಸುವ ಒಂದು ಅಂಶವಿದೆ. ಕಚೇರಿಯೇ ಬೇಕೆಂದಿದ್ದವರು ಮನೆಯಲ್ಲಿ ದುಡಿದಾಗ ಶೇ. 13ರಷ್ಟು ಹಿಂದೆ ಬಿದ್ದರೆ, ಮನೆಯೇ ಬೇಕೆಂದು ಕೇಳಿದ್ದವರು ಅದೇ ಮನೆಯಲ್ಲಿ ಶೇ. 27ರಷ್ಟು ಹಿಂದೆ ಬಿದ್ದರು. ಮಕ್ಕಳನ್ನು ನೋಡಿಕೊಳ್ಳಬೇಕಾದವರು, ಮನೆಯ ಇತರ ಆರೈಕೆಯ ಹೊಣೆ ಹೊತ್ತವರು, ಬಡ ಕುಟುಂಬದವರು ಕಚೇರಿಗೆ ಬರಲು ಹೆಚ್ಚು ಕಷ್ಟಪಡಬೇಕಾಗಿದ್ದದ್ದು ಇದಕ್ಕೆ ಒಂದು ಕಾರಣವೆಂದು ಅಧ್ಯಯನಕಾರರು ಗುರುತಿಸಿದ್ದಾರೆ. ಎಂದಮೇಲೆ, ಬೇಕಾದವರು ಬೇಕಾದಲ್ಲಿ ಕೆಲಸ ಮಾಡಲಿ ಎಂಬ ಸರಳ ಉದಾರವಾದವೂ ಸಾಲದು. ಒತ್ತಡಕ್ಕೆ ಸಿಕ್ಕವರ ಅನಿವಾರ್ಯವನ್ನು ಅದು ಅವರ ಇಷ್ಟವೆಂದು ದಾಖಲಿಸಿಬಿಡುತ್ತದೆ.

ಎಲ್ಲರೂ ಒಂದೇ ಸೂರಿನಡಿ ಸೇರಿ ದುಡಿಯಬೇಕೆಂಬ ಏರ್ಪಾಡು ಮನುಷ್ಯನ ಇತಿಹಾಸದಲ್ಲಿ ಈಚಿನದು. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಇಂಗ್ಲೆಂಡಿನ ಕ್ರಾಮ್‌ಫರ್ಡ್‌ನಲ್ಲಿ ನೂಲಿನ ಗಿರಣಿ ಆರಂಭಿಸುವ ಮುನ್ನ ಅಲ್ಲಿನ ನೂಲುವಿಕೆ ಮತ್ತು ನೇಯ್ಗೆಯ ಬಹುಪಾಲು ಮನೆಮನೆಗಳಲ್ಲಿ ನಡೆಯುತ್ತಿತ್ತು. ವ್ಯಾಪಾರಿಯು ಕಚ್ಚಾ ಸಾಮಗ್ರಿಯನ್ನು ಮನೆಗೆ ಕೊಟ್ಟು ಸಿದ್ಧ ಸರಕನ್ನು ಒಯ್ಯುತ್ತಿದ್ದನು. ಗಿರಣಿ ಗೆದ್ದದ್ದು ಏಕೆ ಎಂಬ ಬಗ್ಗೆ ಅರ್ಥಶಾಸ್ತ್ರಜ್ಞ ಸ್ಟೀಫನ್ ಮಾರ್ಗ್ಲಿನ್ 1974ರಲ್ಲಿ ಪ್ರಕಟಿಸಿದ ವಾದ ಪ್ರಸಿದ್ಧವಾಗಿದೆ: ಯಂತ್ರದ ಶ್ರೇಷ್ಠತೆಗಿಂತ ಮುಖ್ಯವಾಗಿ, ಕೆಲಸಗಾರರ ಹೊತ್ತಿನ ಮೇಲೂ ಕೈಯ ಮೇಲೂ ಒಡೆಯನಿಗೆ ಹಿಡಿತ ಸಿಕ್ಕಿದ್ದೇ ಅದರ ಗೆಲುವಿಗೆ ಕಾರಣ. ಇತಿಹಾಸಕಾರ ಡೇವಿಡ್ ಲ್ಯಾಂಡೆಸ್ ಇದನ್ನು ಒಪ್ಪದೆ ಯಂತ್ರದ ಪಾತ್ರವನ್ನು ಎತ್ತಿಹಿಡಿದರು. ಹತ್ತಿಯ ಗಿರಣಿಯ ಮಟ್ಟಿಗೆ ಲ್ಯಾಂಡೆಸ್ ಅವರ ಮಾತಿನಲ್ಲಿ ಹುರುಳಿದೆ, ಏಕೆಂದರೆ ನೀರಿನ ಚಕ್ರವನ್ನು ಯಾರೂ ಮನೆಗೆ ಒಯ್ಯಲಾರರು. ಆದರೆ ಯಂತ್ರವೇ ಕೈಚೀಲದಲ್ಲಿ ಹಿಡಿಯುವ ಲ್ಯಾಪ್‌ಟಾಪ್ ಆಗಿರುವ ಸಾಫ್ಟ್‌ವೇರ್ ಉದ್ಯಮದಲ್ಲಿ ಆ ಸಮರ್ಥನೆಗೆ ನೆಲೆಯಿಲ್ಲ. ಅಲ್ಲಿ ಕಟ್ಟಡದ ಪರವಾಗಿ ಉಳಿಯುವುದು ಒಂದೋ ಮೇಲ್ವಿಚಾರಣೆ, ಇಲ್ಲವೇ ಸಹವಾಸ. ಈ ಎರಡನ್ನು ಬೇರ್ಪಡಿಸಿ ನೋಡದಿರುವುದೇ ಇಂದಿನ ವಿವಾದದ ದೊಡ್ಡ ದೋಷ.

ಮೇಲ್ವಿಚಾರಣೆಯ ವಾದವನ್ನು ಹೆಚ್ಚು ಲಂಬಿಸಬೇಕಾಗಿಲ್ಲ. ಬೆಂಗಳೂರಿನ ಐಟಿ ಉದ್ಯಮ ನಿಂತಿರುವುದೇ ದೂರದಿಂದ ಕೆಲಸ ಮಾಡಬಹುದೆಂಬ ನಂಬಿಕೆಯ ಮೇಲೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಇಲ್ಲಿ ಕೇಂದ್ರ ತೆರೆದು ಉಪಗ್ರಹ ಸಂಪರ್ಕದ ಮೂಲಕ ತನ್ನ ಅಮೆರಿಕದ ಕಚೇರಿಗಳೊಡನೆ ಬೆಸೆದುಕೊಂಡಿತು. 1991ರಲ್ಲಿ ಸ್ಥಾಪನೆಯಾದ ಭಾರತೀಯ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್‌ಗಳು ಅಂಥ ಸಂಪರ್ಕವನ್ನು ಸಣ್ಣ ಕಂಪನಿಗಳಿಗೂ ಎಟುಕಿಸಿದವು. ಸಾಗರದಾಚೆಯ ಗ್ರಾಹಕನು ಕಣ್ಣಿಗೆ ಕಾಣದ ಎಂಜಿನಿಯರನನ್ನು ನಂಬಬಹುದಾದರೆ, ಅದೇ ಎಂಜಿನಿಯರನನ್ನು ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಇದ್ದ ಮಾತ್ರಕ್ಕೆ ನಂಬಲಾಗದು ಎನ್ನುವ ಮ್ಯಾನೇಜರನ ಮಾತಿಗೆ ತರ್ಕದ ಬಲವಿಲ್ಲ. ಮಾಹಿತಿಯ ಭದ್ರತೆಯ ಕಾರಣದಿಂದ ಕಾವಲಿನ ಕಟ್ಟಡ ಬೇಕಾಗಿತ್ತೆಂಬ ಆಕ್ಷೇಪಕ್ಕೆ ಒಂದು ಕಾಲದಲ್ಲಿ ತೂಕವಿತ್ತು. ಕಾಲ್ ಸೆಂಟರ್ ಮುಂತಾದ ಸೇವೆಗಳಿಗೆ ದೂರಸಂಪರ್ಕ ಇಲಾಖೆ ವಿಧಿಸಿದ್ದ ಕಠಿಣ ಷರತ್ತುಗಳನ್ನು 2020ರ ನವೆಂಬರ್‌ನಲ್ಲಿ ಸಡಿಲಿಸಿದ ಮೇಲೆ ಆ ತೂಕವೂ ತಗ್ಗಿದೆ. ಇನ್ನು, ಕಾವಲು ಕಣ್ಣಿನಿಂದ ತಪ್ಪಿಸಿಕೊಳ್ಳಲು ಮನೆಯೇ ಆಸರೆ ಎಂದುಕೊಳ್ಳುವುದೂ ತಪ್ಪು, ಏಕೆಂದರೆ ಮೌಸ್ ಚಲನೆಯನ್ನೂ ಪರದೆಯನ್ನೂ ದಾಖಲಿಸುವ ತಂತ್ರಾಂಶಗಳು ಆ ಕಣ್ಣನ್ನು ಮನೆಯೊಳಕ್ಕೇ ತಂದಿವೆ. ತೋರಿಕೆಯ ಹಾಜರಿ ಸ್ವೈಪ್ ಯಂತ್ರದ ಮುಂದೆ ಸಲ್ಲಿಕೆಯಾದರೂ ತಂತ್ರಾಂಶದ ಮುಂದೆ ಸಲ್ಲಿಕೆಯಾದರೂ ಅದರ ಸ್ವರೂಪ ಒಂದೇ.

ಸಹವಾಸದ ವಾದ ಹೀಗೆ ಸುಲಭವಾಗಿ ಬೀಳುವುದಿಲ್ಲ. ಕೆಲಸದ ಜ್ಞಾನದಲ್ಲಿ ಬರೆದಿಡಬಹುದಾದ ಭಾಗವೊಂದು, ಜೊತೆಗಿದ್ದು ಮಾತ್ರ ದಕ್ಕುವ ಭಾಗ ಇನ್ನೊಂದು. ಎರಡನೆಯದನ್ನು ತತ್ತ್ವಜ್ಞ ಮೈಕೆಲ್ ಪೊಲಾನ್ಯಿ ಮೌನಜ್ಞಾನ ಎಂಬ ಅರ್ಥದಲ್ಲಿ ವಿವರಿಸಿದ್ದರು, ಅಂದರೆ ಮಾಡಬಲ್ಲವನು ತಾನು ಮಾಡುವುದೆಲ್ಲವನ್ನೂ ಹೇಳಬಲ್ಲನೆಂದಿಲ್ಲ. ಗ್ರಾಹಕ ಸಿಟ್ಟಾದಾಗ ಹಿರಿಯ ಸಹೋದ್ಯೋಗಿ ದನಿಯನ್ನು ಹೇಗೆ ಇಳಿಸುತ್ತಾರೆ, ತಮ್ಮದೇ ತಪ್ಪು ಬಯಲಾದಾಗ ಅದನ್ನು ಸಭೆಯಲ್ಲಿ ಯಾವ ಮಾತಿನಿಂದ ಒಪ್ಪಿಕೊಳ್ಳುತ್ತಾರೆ, ಯಾವ ದೋಷವನ್ನು ಕಂಡು ಕೆಲಸ ನಿಲ್ಲಿಸುತ್ತಾರೆ, ಯಾವುದನ್ನು ನಾಳೆಗೆ ಬಿಡುತ್ತಾರೆ ಎಂಬುದನ್ನು ಯಾವ ಕೈಪಿಡಿಯೂ ಕಲಿಸುವುದಿಲ್ಲ. ಇದಕ್ಕೆ ಅಂಕಿಗಳ ಆಧಾರವನ್ನೂ ನತಾಲಿಯಾ ಇಮ್ಯಾನುಯೆಲ್, ಎಮ್ಮಾ ಹ್ಯಾರಿಂಗ್ಟನ್ ಮತ್ತು ಅಮಾಂಡಾ ಪಲೇಯ್ಸ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞೆಯರು ಒದಗಿಸಿದ್ದಾರೆ. ದೊಡ್ಡ ಕಂಪನಿಯೊಂದರ ಸಾಫ್ಟ್‌ವೇರ್ ಎಂಜಿನಿಯರುಗಳ ಕೋಡ್ ರಿವ್ಯೂಗಳನ್ನು, ಅಂದರೆ ಒಬ್ಬರು ಬರೆದ ಪ್ರೋಗ್ರಾಮನ್ನು ಇತರರು ಓದಿ ತಿದ್ದುವ ಟಿಪ್ಪಣಿಗಳನ್ನು ಪರಿಶೀಲಿಸಿದಾಗ, ಇಡೀ ಟೀಮ್ ಒಂದೇ ಕಟ್ಟಡದಲ್ಲಿದ್ದವರಿಗೆ, ಬೇರೆ ಬೇರೆ ಕಟ್ಟಡಗಳಲ್ಲಿ ಹಂಚಿಹೋದವರಿಗಿಂತ ಶೇ. 22ರಷ್ಟು ಹೆಚ್ಚು ಟಿಪ್ಪಣಿಗಳು ಸಿಗುತ್ತಿದ್ದುದು ಕಂಡುಬಂತು. ಕೋವಿಡ್‌ನಿಂದ ಕಚೇರಿಗಳು ಮುಚ್ಚಿದಾಗ ಆ ಅನುಕೂಲ ಬಹುಮಟ್ಟಿಗೆ ಕರಗಿತು. ಟೀಮಿನ ಒಬ್ಬರೇ ಒಬ್ಬರು ದೂರವಿದ್ದರೂ ಹತ್ತಿರವಿದ್ದ ಉಳಿದವರ ನಡುವಿನ ಟಿಪ್ಪಣಿಗಳೂ ಕಡಿಮೆಯಾಗುತ್ತಿದ್ದವು. ಕೆಲಸದ ಸ್ಥಳವು ಕೇವಲ ವ್ಯಕ್ತಿಯ ಖಾಸಗಿ ಆಯ್ಕೆ ಎಂಬ ನೌಕರ ಪಕ್ಷದ ವಾದಕ್ಕೆ ಈ ಕೊನೆಯ ಅಂಶವೇ ಗಟ್ಟಿಯಾದ ಉತ್ತರ.

ಅದೇ ಅಧ್ಯಯನವು ಆಡಳಿತ ವರ್ಗಕ್ಕೂ ಅಷ್ಟೇ ಕಠಿಣವಾದ ಸತ್ಯವೊಂದನ್ನು ಹೇಳುತ್ತದೆ. ಹತ್ತಿರವಿದ್ದು ಕಲಿಸಿದ ಅನುಭವಿಗಳು ತಾವು ಬರೆಯುವ ಪ್ರೋಗ್ರಾಮಿನ ಪ್ರಮಾಣದಲ್ಲಿ ಹಿಂದೆ ಬಿದ್ದರು. ಕಲಿಕೆಯ ಲಾಭ ಹೆಚ್ಚಾಗಿ ಹೋದದ್ದು ಕಿರಿಯರಿಗೆ ಮತ್ತು ಮಹಿಳೆಯರಿಗೆ. ಸಹವಾಸವೆಂಬುದು ಹಿರಿಯರು ತಮ್ಮ ಹೊತ್ತಿನಿಂದ ತೆತ್ತು ಕಿರಿಯರಿಗೆ ಕೊಡುವ ದಾನ ಎಂದಾಯಿತು; ಆ ಹಿರಿಯರೂ ಹಿಂದೊಮ್ಮೆ ಇನ್ನಾರದೋ ಪಕ್ಕದಲ್ಲಿ ಕುಳಿತು ಅದನ್ನು ಪಡೆದಿದ್ದರಾದ್ದರಿಂದ ಅದನ್ನು ಋಣ ಎಂದೂ ಕರೆಯಬಹುದು. ಇಲ್ಲಿಯೇ ವಿವಾದದ ನೈತಿಕ ತಿರುಳಿದೆ. ಪ್ರತ್ಯೇಕ ಕೋಣೆ, ಸ್ವಂತ ಫ್ಲ್ಯಾಟ್, ಗಳಿಸಿಟ್ಟ ಹೆಸರು, ಫೋನಿನಲ್ಲಿ ಮಾತನಾಡಿಸಬಲ್ಲ ಪರಿಚಯಗಳು ಇರುವ ಹಿರಿಯನಿಗೆ ಮನೆ ಅತ್ಯಂತ ಹಿತವಾದ ಕಾರ್ಯಸ್ಥಳ. ಆದರೆ ಪಿಜಿಯ ಕೋಣೆಯೊಂದನ್ನು ಇನ್ನಿಬ್ಬರೊಡನೆ ಹಂಚಿಕೊಂಡು ಮಂಚದ ಮೇಲೆ ಕುಳಿತು ಮೊದಲ ಕೆಲಸ ಕಲಿಯುತ್ತಿರುವ ಫ್ರೆಶರ್‌ಗೆ ಬೇಕಾದದ್ದು ಆ ಹಿರಿಯನ ಹಾಜರಿಯೇ. ಹಿರಿಯನು ತನ್ನ ಅನುಕೂಲವನ್ನು ಸ್ವಾತಂತ್ರ್ಯವೆಂದು ಕರೆದಾಗ ಅದರ ಬೆಲೆಯನ್ನು ತೆರುವವನು ಚರ್ಚೆಯಲ್ಲಿ ಬಾಯಿ ತೆರೆಯಲಾರದ ಕಿರಿಯ. ಹಾಗೆಯೇ, ಕಲಿಕೆಯ ಹೆಸರಿನಲ್ಲಿ ಹಿರಿಯನನ್ನು ಕಚೇರಿಗೆ ಕರೆಸಿಕೊಂಡು, ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ಅವನ ಸ್ವಂತ ಕೆಲಸದ ಪ್ರಮಾಣವನ್ನಷ್ಟೇ ಎಣಿಸುವ ಕಂಪನಿಯು ತಾನು ಹೇಳಿದ ಕಾರಣವನ್ನು ತಾನೇ ನಂಬುವುದಿಲ್ಲ. ಟೀಮ್ ಒಂದರ ಸದಸ್ಯರು ನಾಲ್ಕು ನಗರಗಳಲ್ಲಿ ಹಂಚಿಹೋಗಿರುವಾಗ, ದೀರ್ಘ ಪ್ರಯಾಣ ಮಾಡಿ ಬಂದು ಹೆಡ್‌ಫೋನ್ ಹಾಕಿಕೊಂಡು ದಿನವಿಡೀ ಕರೆಯಲ್ಲಿರುವ ನೌಕರನ ಹಾಜರಿಯಿಂದ ಯಾರಿಗೂ ಏನೂ ಒದಗುವುದಿಲ್ಲ.

ಮಹಿಳೆಯರ ವಿಷಯದಲ್ಲಿ ಮನೆಯ ಪರವಾದ ಮಾತು ತುಸು ಎಚ್ಚರವನ್ನು ಬೇಡುತ್ತದೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯು ರಜೆಯ ನಂತರವೂ, ಕೆಲಸದ ಸ್ವರೂಪ ಹೊಂದುವುದಾದರೆ, ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ದುಡಿಯಲು ಅವಕಾಶ ಕಲ್ಪಿಸಿದ್ದು ಮುಖ್ಯವಾದ ಹೆಜ್ಜೆ. ಎಷ್ಟೋ ಮಹಿಳೆಯರ ನೌಕರಿ ಉಳಿಯುವುದೇ ಇಂಥ ಅವಕಾಶದಿಂದ. ಆದರೆ ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು, ಪುರುಷರು 88 ನಿಮಿಷಗಳನ್ನು ಅದಕ್ಕೆ ವಿನಿಯೋಗಿಸುತ್ತಾರೆ. ಈ ಅಂತರ ಇರುವವರೆಗೆ ಒಂದೇ ಮನೆಯಲ್ಲಿ ಒಂದೇ ಬಗೆಯ ನೌಕರಿ ಮಾಡುವ ಗಂಡಹೆಂಡಿರಿಗೂ ವರ್ಕ್ ಫ್ರಂ ಹೋಂ ಒಂದೇ ಆಗಿರುವುದಿಲ್ಲ. ಮನೆಯಲ್ಲಿದ್ದಾಳೆ ಎಂದರೆ ಬಿಡುವಾಗಿದ್ದಾಳೆ ಎಂದೇ ತಿಳಿಯುವ ಕುಟುಂಬದಲ್ಲಿ, ಎದ್ದು ಹೋಗಲು ಒಂದು ಕಚೇರಿ ಇರುವುದೇ ಅವಳ ಹೊತ್ತಿಗೆ ಸಿಗುವ ಮರ್ಯಾದೆ. ಕೂಸಿನ ಮನೆಯನ್ನು ಒದಗಿಸದೆ ಅವಳನ್ನು ಕಚೇರಿಗೆ ಕರೆಯುವುದಾಗಲಿ, ಮನೆಯಲ್ಲೇ ಇರು ಎಂದು ಹೇಳಿ ಆ ಖರ್ಚನ್ನು ಉಳಿಸಿಕೊಳ್ಳುವುದಾಗಲಿ ಎರಡೂ ಅನ್ಯಾಯವೇ.

ಮನೆಯಿಂದ ದುಡಿಮೆ ಎಂಬುದು ಕರ್ನಾಟಕಕ್ಕೆ ಕಂಪ್ಯೂಟರಿನೊಂದಿಗೆ ಬಂದದ್ದಲ್ಲ ಎಂಬುದನ್ನು ಈ ಚರ್ಚೆ ಮರೆತಿರುವುದು ಖೇದಕರ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿ ಬೀಡಿ ಕಂಪನಿಯ ಬ್ರಾಂಚ್‌ನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಮನೆಯಲ್ಲಿ ಬೀಡಿ ಕಟ್ಟಿ, ಸಾವಿರಕ್ಕೆ ಇಂತಿಷ್ಟು ಎಂದು ಮಜೂರಿ ಪಡೆಯುವ ಮಹಿಳೆಯರು ತಲೆಮಾರುಗಳಿಂದ ಮನೆಯಿಂದಲೇ ದುಡಿದಿದ್ದಾರೆ. ಕಾರ್ಖಾನೆಯೊಳಗೆ ಇಲ್ಲದವರು ಕಾರ್ಮಿಕರೇ ಅಲ್ಲ ಎಂಬ ಮಾಲೀಕರ ವಾದವನ್ನು ತಳ್ಳಿಹಾಕಿದ್ದು, ಮನೆಯಲ್ಲಿ ದುಡಿಯುವವರನ್ನೂ ನೌಕರರ ವ್ಯಾಖ್ಯೆಯೊಳಗೆ ತಂದ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ. ಮಂಗಳೂರಿನ ಬೀಡಿ ಉದ್ಯಮವೊಂದು ಅರ್ಜಿದಾರನಾಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಅದನ್ನು ಎತ್ತಿಹಿಡಿಯಿತು. ದುಡಿಮೆ ಯಾರ ಸೂರಿನಡಿ ನಡೆಯುತ್ತದೆ ಎಂಬುದರಿಂದ ದುಡಿಯುವವರ ಹಕ್ಕು ಕುಗ್ಗುವುದಿಲ್ಲ ಎಂಬ ಈ ತತ್ತ್ವವನ್ನು ಬೀಡಿ ಕಟ್ಟುವವರು ಗೆದ್ದುಕೊಟ್ಟಿದ್ದಾರೆ. ಮನೆಯ ವಿದ್ಯುತ್ತು, ಇಂಟರ್ನೆಟ್ಟು, ಕೋಣೆಯ ಬಾಡಿಗೆ ಎಲ್ಲವನ್ನೂ ಸದ್ದಿಲ್ಲದೆ ನೌಕರರ ಮೇಲೆ ಹೊರಿಸಿ, ಹೊತ್ತಿನ ಎಲ್ಲೆಯನ್ನೂ ಅಳಿಸಿದ ಐಟಿ ಕಂಪನಿಗಳ ಪದ್ಧತಿಯನ್ನು ಈ ತತ್ತ್ವದ ಬೆಳಕಿನಲ್ಲಿ ಪರಿಶೀಲಿಸಬೇಕು.

ಪ್ರಯಾಣವನ್ನು ಉಳಿಸಬೇಕೆಂಬ ಮೂಲ ಆಶಯಕ್ಕೆ ಮನೆಯೊಂದೇ ಉತ್ತರವಾಗಬೇಕಾಗಿಲ್ಲ. ದೂರದುಡಿಮೆಯ ಕಲ್ಪನೆಗೆ 1973ರಲ್ಲಿ ಹೆಸರು ಕೊಟ್ಟ ಅಮೆರಿಕದ ಜಾಕ್ ನೈಲ್ಸ್, ಲಾಸ್ ಏಂಜಲಿಸ್‌ನ ದಟ್ಟಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಖ್ಯವಾಗಿ ಯೋಚಿಸಿದ್ದು ನೌಕರರ ವಸತಿಗೆ ಹತ್ತಿರದ ಸಣ್ಣ ಕೇಂದ್ರಗಳನ್ನು. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮೆಟ್ರೊ ಕಾಮಗಾರಿ ನಡೆಯುವಾಗ, 2022ರ ಡಿಸೆಂಬರ್‌ವರೆಗೆ ಮನೆಯಿಂದ ಕೆಲಸವನ್ನು ಮುಂದುವರಿಸಿ ಎಂದು ರಾಜ್ಯ ಸರ್ಕಾರವೇ 2021ರ ಆಗಸ್ಟ್‌ನಲ್ಲಿ ಐಟಿ ಕಂಪನಿಗಳಿಗೆ ಸಲಹೆ ಕೊಟ್ಟದ್ದು, ರಸ್ತೆಯ ಹೊರೆ ಕಾರ್ಯಸ್ಥಳದ ನೀತಿಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ ಎಂಬುದಕ್ಕೆ ಸಾಕ್ಷಿ. ಮೈಸೂರು, ಮಂಗಳೂರು, ಹುಬ್ಬಳ್ಳಿಗಳಿಗೆ ಉದ್ಯಮವನ್ನು ಹರಡುವ ರಾಜ್ಯದ ಯೋಜನೆಯು ಹೊಸ ಟೆಕ್ ಪಾರ್ಕುಗಳ ಕಡೆಗಷ್ಟೇ ನೋಡದೆ, ಒಂದೇ ಊರಿನ ಹತ್ತಾರು ಕಂಪನಿಗಳ ನೌಕರರು ಕೂಡಿ ಕೂರಬಹುದಾದ ಕೇಂದ್ರಗಳನ್ನು ಕಟ್ಟಿದರೆ, ಇಕ್ಕಟ್ಟಾದ ಮನೆಯವರಿಗೆ ಮೇಜೂ ಹೊಸಬರಿಗೆ ಹಿರಿಯರ ಸಂಗವೂ ಸಿಗುತ್ತದೆ.

ಕಚೇರಿಗೆ ಮರಳುವ ಆದೇಶಗಳು ಸಾಮಾನ್ಯವಾಗಿ ವಾರಕ್ಕೆ ಮೂರು ದಿನ, ಐದು ದಿನ ಎಂಬ ಎಣಿಕೆಯಲ್ಲಿ ಬರುತ್ತವೆ. ಯಾರು ಯಾರಿಗಾಗಿ ಬರಬೇಕು ಎಂಬುದನ್ನು ಅವು ಹೇಳುವುದಿಲ್ಲ. ನ್ಯಾಯವಾದ ನಿಯಮವು ದಿನಗಳನ್ನು ಟೀಮಿಗೆ ಬಿಟ್ಟು, ಹೊಸಬರ ಮೊದಲ ತಿಂಗಳುಗಳಲ್ಲಿ ಹಿರಿಯರ ಹಾಜರಿಯನ್ನು ಕಡ್ಡಾಯ ಮಾಡಿ, ಆ ಹಿರಿಯರ ಗುರಿಗಳನ್ನು ಅಷ್ಟರ ಮಟ್ಟಿಗೆ ತಗ್ಗಿಸಬೇಕು. ಸದ್ಯಕ್ಕೆ ಕಾನೂನು ಇದರಲ್ಲಿ ಹೆಚ್ಚಿನ ನೆರವಿಗೆ ಬರುವುದಿಲ್ಲ: ಸೇವಾ ವಲಯಕ್ಕಾಗಿ ಕೇಂದ್ರ ಸರ್ಕಾರವು 2020ರ ಕೊನೆಯಲ್ಲಿ ಪ್ರಕಟಿಸಿದ ಮಾದರಿ ಸ್ಥಾಯಿ ಆದೇಶಗಳ, ಅಂದರೆ ನೌಕರಿಯ ಷರತ್ತುಗಳನ್ನು ಲಿಖಿತವಾಗಿ ನಿಗದಿಪಡಿಸುವ ನಿಯಮಗಳ ಕರಡು, ಒಪ್ಪಂದಕ್ಕೆ ಒಳಪಟ್ಟು ಮಾಲೀಕನು ಮನೆಯಿಂದ ಕೆಲಸಕ್ಕೆ ಅನುಮತಿ ನೀಡಬಹುದು ಎಂದಷ್ಟೇ ಹೇಳಿತು, ಕರ್ನಾಟಕ ಸರ್ಕಾರವಂತೂ ಸ್ಥಾಯಿ ಆದೇಶಗಳ 1946ರ ಕಾಯ್ದೆಯಿಂದಲೇ ಐಟಿ ಕಂಪನಿಗಳಿಗೆ ದೀರ್ಘಕಾಲ ವಿನಾಯಿತಿ ಕೊಡುತ್ತ ಬಂದಿತ್ತು. ಕಂಪನಿಯ ಮಾತನ್ನು ನಂಬಿ ಊರಿಗೆ ಮರಳಿ, ಅಲ್ಲಿ ಸಾಲ ಮಾಡಿ ಮನೆ ಕಟ್ಟಿಸಿ, ತಂದೆತಾಯಿಯರನ್ನು ಜೊತೆಗಿರಿಸಿಕೊಂಡವರಿಗೆ ಒಂದು ಇಮೇಲ್ ಮೂಲಕ ಬೆಂಗಳೂರಿಗೆ ಬರಬೇಕೆಂಬ ಆದೇಶ ಬಂದರೆ, ಅದಕ್ಕೆ ಕಾರಣ ಕೇಳುವ, ಕಾಲಾವಕಾಶ ಪಡೆಯುವ, ಆಕ್ಷೇಪ ಸಲ್ಲಿಸುವ ಹಕ್ಕುಗಳನ್ನು ನೇಮಕಾತಿ ಪತ್ರದಲ್ಲೇ ಬರೆಯಿಸುವ ಕೆಲಸ ಮೊದಲು ಆಗಬೇಕಾಗಿದೆ.