ಕೇಳಲಾರದ ವಾದ್ಯ



ಸಂಗೀತವು ದೇವರ ದಾನಗಳಲ್ಲಿ ಒಂದೆಂದು ನಾವು ಅನೇಕ ಸಾರಿ ಪ್ರಸಂಗಿಸಿದ್ದೇವೆ. ಆದರೆ ಈ ದಾನದಲ್ಲಿ ಒಂದು ವಿಚಿತ್ರವುಂಟು. ರುಚಿಸದ ಪಲ್ಯವನ್ನು ತಾಟಿನ ಬದಿಗೆ ಸರಿಸಿ ಸುಮ್ಮನಿರಬಹುದು. ರುಚಿಸದ ಸಂಗೀತವನ್ನಾದರೋ ಬದಿಗೆ ಸರಿಸಲಾಗದು. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಆದಕಾರಣ ತನಗೆ ಒಲ್ಲದ ಬಣ್ಣವನ್ನು ಕಂಡಾಗ ಬರದ ಸಿಟ್ಟು, ಒಲ್ಲದ ವಾದ್ಯವನ್ನು ಕೇಳಿದಾಗ ಮನುಷ್ಯನಿಗೆ ಬರುವದು. ಆ ಸಿಟ್ಟು ಎಲ್ಲಿಂದ ಹುಟ್ಟುತ್ತದೆ? ಕಿವಿಯಿಂದಲೋ, ಹೃದಯದಿಂದಲೋ? ಹೃದಯದಿಂದಾದರೆ ಅದು ಪಾಪವೋ, ನ್ಯಾಯವೋ? ಈ ಪ್ರಶ್ನೆಯನ್ನು ನಾವು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ನಮ್ಮ ಸಭೆಯಲ್ಲಿಯೇ ಅದು ಎದ್ದು ನಿಂತಿದೆ.

ಸಂಗೀತವಿಲ್ಲದ ಸೀಮೆ ನಮ್ಮದಲ್ಲ. ಹಳ್ಳಿಖೇಡದಿಂದ ಬಹು ದೂರವಿಲ್ಲದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ಆಳಿದ ಚಾಲುಕ್ಯ ಅರಸನಾದ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಗೀತ ವಾದ್ಯಗಳ ವಿಷಯವಾಗಿಯೂ ಬರೆದನು. ಹುಮನಾಬಾದದ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ಗವಾಯಿಗಳು ಬಂದು ಹಾಡುತ್ತಾರೆ. ಮರಾಠಿ ಅಭಂಗ, ಕನ್ನಡ ಭಜನೆ, ಮಸೀದಿಯ ಬಾಂಗು, ತೆಲುಗು ಸೀಮೆಯಿಂದ ಬಂದ ಹಾಡು, ಇವೆಲ್ಲವೂ ಒಂದೇ ಗಾಳಿಯಲ್ಲಿ ನಮ್ಮ ಕಿವಿಗೆ ಬೀಳುತ್ತವೆ. ಆದರೂ ಈ ಸೀಮೆಯ ಯಾವ ರಾಜನ ಸಭೆಯೊಳಗೂ ಯಾವ ಗುಡಿಯ ಗರ್ಭದೊಳಗೂ ಹೋಗಲು ಅಪ್ಪಣೆಯಿಲ್ಲದೆ ಹೊರಗೇ ನಿಂತ ವಾದ್ಯವೊಂದುಂಟು. ಅದು ಹಲಗೆ. ಕಟ್ಟಿಗೆಯ ಬಳೆಗೆ ತೊಗಲು ಬಿಗಿದು, ಹುಲ್ಲಿನ ಬೆಂಕಿಗೆ ಕಾಸಿ, ಹೆಗಲಿನಿಂದ ಇಳಿಬಿಟ್ಟು ಎರಡು ಕೋಲುಗಳಿಂದ ಬಾರಿಸುವ ಈ ವಾದ್ಯವನ್ನು ಅರಿಯದವರು ನಮ್ಮ ವಾಚಕರಲ್ಲಿ ಯಾರೂ ಇರಲಾರರು.

ಕಳೆದ ಕ್ರಿಸ್ತಜಯಂತಿಯ ರಾತ್ರಿ ನಮ್ಮ ಸಭೆಯ ಯೌವನಸ್ಥರು ಮನೆಮನೆಗೆ ಹಾಡುತ್ತಾ ಹೋಗುವಾಗ ಎರಡು ಹಲಗೆಗಳನ್ನು ತಂದರು. ನಾವು ಅವರನ್ನು ತಡೆದೆವು. ಕರ್ತನ ಜನನವನ್ನು ಸಾರುವದಕ್ಕೆ ಈ ವಾದ್ಯ ಯೋಗ್ಯವಲ್ಲ, ಇದು ಮಾರಿಯ ಮುಂದೆ ಬಾರಿಸಿದ್ದು, ಹಾರ್ಮೋನಿಯಂ ಇದೆಯಲ್ಲಾ ಎಂದು ಹೇಳಿದೆವು. ಹುಡುಗರು ಕೇಳಲಿಲ್ಲ. ಮೂರನೆಯ ಮನೆಗೆ ಬಂದಾಗ ಸಭೆಯ ಹಿರಿಯರಲ್ಲಿ ಒಬ್ಬರು, ಎಂಭತ್ತರ ಹತ್ತಿರ ಬಂದವರು, ಹಲಗೆಯ ಸಪ್ಪಳ ಕೇಳುತ್ತಲೇ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡರು. ಹುಡುಗರು ಹಾಡಿ ಮುಗಿಸಿದರು, ಕದ ತೆರೆಯಲಿಲ್ಲ. ನಮ್ಮ ಮಾತು ಸತ್ಯವಾಯಿತೆಂದು ಆ ರಾತ್ರಿ ನಮಗೆ ಒಳಗೊಳಗೇ ಸಂತೋಷವಾಯಿತು. ಅದನ್ನು ಇಲ್ಲಿ ಒಪ್ಪಿಕೊಳ್ಳತಕ್ಕದ್ದೇ.

ಮರುದಿನ ಅವರ ಮನೆಗೆ ಹೋಗಿ, ಮುತ್ಯಾ, ನಿಮ್ಮ ಹಾಗೆ ಭಕ್ತಿಯುಳ್ಳವರು ಈ ಹುಡುಗರಿಗೆ ಬುದ್ಧಿ ಹೇಳಬೇಕು ಎಂದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಭಕ್ತಿ ಅಲ್ಲ ಮಾಸ್ತರೇ, ಹಲಗಿ ಸಪ್ಪಳ ಕೇಳಿದರ ನಮ್ಮಪ್ಪನ ಬೆನ್ನು ಕಣ್ಣ ಮುಂದ ಬರ್ತದ” ಎಂದರು.

ಅವರು ಎಂಟು ವರುಷದ ಹುಡುಗರಾಗಿದ್ದಾಗ ಮಳೆಗಾಲದಲ್ಲಿ ಆಗಿನ ಅವರ ಊರಿನ ದೊಡ್ಡ ಮನೆಯಲ್ಲಿ ಒಬ್ಬ ಯಜಮಾನನು ಸತ್ತನು. ಹೊತ್ತು ಮುಳುಗಿದಾಗಿನಿಂದ ಹೆಣ ಎತ್ತುವ ತನಕ ಅಂಗಳದ ಆಚೆ ನಿಂತು ಬಾರಿಸುವದು ಅವರ ತಂದೆಯ ಪಾಲಿನ ಕೆಲಸ. ತಂದೆಗೆ ಜ್ವರವಿತ್ತು. ಮಳೆಯ ಹನಿಗೆ ತೊಗಲು ಸಡಿಲಾಗಿ ಹಲಗೆ ದನಿ ಬಿಟ್ಟಿತು. ಕಾಸುವದಕ್ಕೆ ಒಣ ಹುಲ್ಲು ಸಿಗಲಿಲ್ಲ. ದನಿ ನಿಂತಿತೆಂದು ಒಬ್ಬನು ಬಾರಕೋಲಿನಿಂದ ತಂದೆಯ ಬೆನ್ನಿಗೆ ಹೊಡೆದನು. ಬೆಳಗಾದ ಮೇಲೆ ದೂರದಿಂದ ಕಂಬಳಿಯೊಳಕ್ಕೆ ಜೋಳ ಸುರಿದರು. ಅಸ್ಪೃಶ್ಯತೆಯನ್ನು ಸಂವಿಧಾನವು 1950ರಲ್ಲಿಯೇ ತೆಗೆದುಹಾಕಿತ್ತು, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂದಿತ್ತು. ಆದರೆ ಕಾನೂನು ದಿಲ್ಲಿಯಿಂದ ನಮ್ಮ ಕೇರಿಗೆ ನಡೆದುಕೊಂಡು ಬರುವದಕ್ಕೆ ಬಹಳ ವರುಷ ಹಿಡಿಯಿತು. ಕೆಲವು ಕಾಲದ ಮೇಲೆ ಆ ತಂದೆಯು ದೀಕ್ಷಾಸ್ನಾನ ಹೊಂದಿ, ಇನ್ನು ಯಾರು ಕರೆದರೂ ಬಾರಿಸಲಾರೆನೆಂದು ಹೇಳಿ ಹಲಗೆಯನ್ನು ಕೊಟ್ಟಿಗೆಯ ತೊಲೆಗೆ ತೂಗುಹಾಕಿದನು. ಆ ವರುಷ ಅವರಿಗೆ ಯಾರೂ ಕೂಲಿ ಕೊಡಲಿಲ್ಲ.

ಇಂಥ ಸಂಗತಿ ಒಂದೇ ಊರಿನದಲ್ಲ. ತೆಲುಗು ಸೀಮೆಯ ಒಂಗೋಲಿನಲ್ಲಿ ಕ್ಲೌ ಪಾದ್ರಿಯವರ ಕಾಲದಲ್ಲಿ, 1878ನೇ ಜುಲೈ 3ರಂದು ಒಂದೇ ದಿವಸದಲ್ಲಿ 2,222 ಮಂದಿ ಸ್ನಾನ ಹೊಂದಿದರೆಂದು ನಾವೆಲ್ಲರೂ ಕೇಳಿದ್ದೇವೆ. ಆ ಸಂಖ್ಯೆಯನ್ನು ಹೇಳುವವರು, ಅಲ್ಲಿಯ ಮಾದಿಗ ಕ್ರೈಸ್ತರು ಊರ ಹಬ್ಬಗಳಲ್ಲಿ ವಾದ್ಯ ಬಾರಿಸಲೊಲ್ಲೆವೆಂದಾಗ ಪಟ್ಟ ಕಷ್ಟವನ್ನು ಅಷ್ಟಾಗಿ ಹೇಳುವದಿಲ್ಲ. ಬಾರಿಸದೆ ನಿಂತ ಕೈಯೇ ಆ ಕಾಲದಲ್ಲಿ ಮೊದಲನೆಯ ಸಾಕ್ಷಿಯಾಗಿತ್ತು. ನಮ್ಮ ಬೀದರ ಸೀಮೆಯ ಸಭೆಗಳಲ್ಲಿ ಎಷ್ಟೋ ಮನೆಗಳ ಹಿರಿಯರು ಹೀಗೆಯೇ ಹಲಗೆಯನ್ನು ಕೆಳಗಿಟ್ಟು ಮೇಲಕ್ಕೆದ್ದವರು.

ಮುತ್ಯಾನ ಮನೆಯಿಂದ ತಿರುಗಿ ಬರುವಾಗ ನಮಗೆ ಸೌಲನ ಕಥೆ ಜ್ಞಾಪಕಕ್ಕೆ ಬಂತು. ಸಮುವೇಲನ ಮೊದಲನೆಯ ಪುಸ್ತಕದ ಹದಿನಾರನೆಯ ಅಧ್ಯಾಯದಲ್ಲಿ ದಾವೀದನು ಕಿನ್ನರಿ ಬಾರಿಸಿದಾಗ ಸೌಲನಿಗೆ ಉಪಶಮನವಾಗುತ್ತಿತ್ತು. ಹದಿನೆಂಟನೆಯ ಅಧ್ಯಾಯದಲ್ಲಿ ಅದೇ ದಾವೀದನು ಅದೇ ಅರಸನ ಮುಂದೆ ಕಿನ್ನರಿ ಬಾರಿಸುತ್ತಿರಲು ಸೌಲನು ಈಟಿಯನ್ನು ಎಸೆಯುತ್ತಾನೆ. ಕಿನ್ನರಿಯ ತಂತಿ ಬದಲಾಯಿತೋ? ಇಲ್ಲ. ನಡುವೆ ಸ್ತ್ರೀಯರು ಊರೂರಿನಿಂದ ಹೊರಟು ಬಂದು ದಾವೀದನನ್ನು ಸೌಲನಿಗಿಂತ ಹೆಚ್ಚಾಗಿ ಹೊಗಳಿ ಹಾಡಿದ್ದರು. ಆ ಹಾಡು ಹೊಟ್ಟೆಯಲ್ಲಿ ಕುಳಿತ ಮೇಲೆ ಕಿನ್ನರಿಯೂ ಕಿವಿಗೆ ಮುಳ್ಳಾಯಿತು. ದಾವೀದನು ಮಂಜೂಷದ ಮುಂದೆ ಕುಣಿದಾಗ ಕಿಟಕಿಯಿಂದ ನೋಡಿ ತಿರಸ್ಕರಿಸಿದ ಮೀಕಲಳಿಗೂ ತಾಳ ತಪ್ಪಿದ್ದೇನೂ ಕಾಣಲಿಲ್ಲ; ಅರಸನು ದಾಸಿಯರ ಕಣ್ಣೆದುರಿಗೆ ಹಗುರಾದನೆಂಬದೇ ಆಕೆಯ ಸಂಕಟ. ಹೀಗೆ ಸಂಗೀತವನ್ನು ದ್ವೇಷಿಸುತ್ತೇವೆಂದು ಹೇಳುವಾಗ ನಾವು ಬಹುಸಾರಿ ದ್ವೇಷಿಸುವದು ಅದನ್ನು ಬಾರಿಸುವ ಕೈಯನ್ನು, ಇಲ್ಲವೆ ಅದನ್ನು ಮೊದಲು ಕೇಳಿದ ದಿವಸವನ್ನು.

ಹಲಗೆಯ ವಿಷಯದಲ್ಲಿ ಇದನ್ನು ಪರೀಕ್ಷಿಸಿ ನೋಡಿರಿ. ಮೇಲಿನ ಓಣಿಯವರಿಗೆ ಹಲಗೆಯ ದನಿ ಬೇಡವಾಗಿತ್ತೋ? ಇಲ್ಲವೇ ಇಲ್ಲ! ಮದುವೆಗೆ ಬೇಕಿತ್ತು, ಹೆಣಕ್ಕೆ ಬೇಕಿತ್ತು, ಡಂಗುರಕ್ಕೆ ಬೇಕಿತ್ತು, ಹೋಳಿಗೆ ಬೇಕಿತ್ತು. ಅವರಿಗೆ ಬೇಡವಾದದ್ದು ಬಾರಿಸುವವನು ಮಾತ್ರ. ಮುತ್ಯಾನಿಗೆ ಬೇಡವಾದದ್ದು ಆ ದನಿಯೊಳಗಿದ್ದ ಬಾರಕೋಲು. ಹಾಗಾದರೆ ಉಪದೇಶಿಯಾದ ನಮಗೆ ಬೇಡವಾದದ್ದು ಯಾವದು?

ಮಾರಿಯ ಮುಂದೆ ಬಾರಿಸಿದ ವಾದ್ಯವೆಂದು ನಾವು ಹುಡುಗರಿಗೆ ಹೇಳಿದೆವಲ್ಲಾ, ಆ ಕಾರಣವು ನಿಲ್ಲುವದಿಲ್ಲ. ದಾನಿಯೇಲನ ಮೂರನೆಯ ಅಧ್ಯಾಯದಲ್ಲಿ ನೆಬೂಕದ್ನೆಚ್ಚರನ ಬಂಗಾರದ ಪ್ರತಿಮೆಯ ಮುಂದೆ ಊದುವ ವಾದ್ಯಗಳೂ ತಂತಿವಾದ್ಯಗಳೂ ಸಕಲವಿಧವಾದ ವಾದ್ಯಗಳೂ ನುಡಿದವು. ಮೂವರು ಯೆಹೂದ್ಯರು ಅಡ್ಡಬೀಳಲಿಲ್ಲ. ಆದರೆ ಆ ಜಾತಿಯ ವಾದ್ಯಗಳು ಆ ದಿನದಿಂದ ಅಶುದ್ಧವಾದವೆಂದು ವೇದದಲ್ಲಿ ಎಲ್ಲಿಯೂ ಹೇಳಲ್ಪಟ್ಟಿಲ್ಲ. ಕಡೇ ಕೀರ್ತನೆಯು ಊದುವ ವಾದ್ಯವನ್ನೂ ತಂತಿವಾದ್ಯವನ್ನೂ ದೇವರ ಸ್ತೋತ್ರಕ್ಕೆ ಕರೆಯುತ್ತದೆ. ದಮ್ಮಡಿಯನ್ನೂ ಕರೆಯುತ್ತದೆ. ಈ ದಮ್ಮಡಿ ಯಾವದೆಂದು ಸೆಮಿನರಿಯಲ್ಲಿ ಕಲಿತಾಗ ನಾವು ಹೆಚ್ಚು ಯೋಚಿಸಲಿಲ್ಲ. ಕೆಂಪು ಸಮುದ್ರವನ್ನು ದಾಟಿದ ಮೇಲೆ ಮಿರ್ಯಾಮಳು ಕೈಯಲ್ಲಿ ಹಿಡಿದದ್ದು ಬಳೆಗೆ ತೊಗಲು ಬಿಗಿದ ವಾದ್ಯವೇ. ದಾಸತ್ವದ ಮನೆಯಿಂದ ಹೊರಟ ಜನರು ಆಚೆಯ ದಡದಲ್ಲಿ ಮೊದಲು ಬಾರಿಸಿದ್ದು ಹಲಗೆಯ ಹತ್ತಿರದ ಸಂಬಂಧಿಯನ್ನು ಎಂದರೆ ತಪ್ಪಾಗದು.

ಇನ್ನು ನಾವು ಮುಂದೆ ಮಾಡಿದ ಹಾರ್ಮೋನಿಯಮ್ಮಿನ ಮಾತು. ಅದಕ್ಕೆ ಪರಲೋಕದ ವಂಶಾವಳಿಯೇನೂ ಇಲ್ಲ. 1842ರಲ್ಲಿ ಪ್ಯಾರಿಸ್ ಪಟ್ಟಣದ ದೆಬೈನ್ ಎಂಬವನು ಆ ಹೆಸರಿನಿಂದ ಪೇಟೆಂಟು ಪಡೆದ ಯಂತ್ರವದು. ನಮ್ಮ ದೇಶದ ಪಂಡಿತರಲ್ಲಿ ಅನೇಕರಿಗೆ ಅದನ್ನು ಕೇಳುವದೇ ಹಿಂಸೆಯಾಗಿತ್ತು; ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾರದ ವಾದ್ಯದಿಂದ ರಾಗವು ಕೆಡುವದೆಂದು ಹೇಳಿ ಆಕಾಶವಾಣಿಯವರು 1940ರಲ್ಲಿ ಅದನ್ನು ನಿಷೇಧಿಸಿದರು. 1971ರ ತನಕ ಅದಕ್ಕೆ ರೇಡಿಯೋದ ಬಾಗಿಲು ಮುಚ್ಚಿತ್ತು. ಅಷ್ಟು ವರುಷ ನಮ್ಮ ಸಭೆಗಳಲ್ಲಿ ಅದೇ ಪೆಟ್ಟಿಗೆ ಪವಿತ್ರವೆನಿಸಿಕೊಂಡಿತ್ತು! ಅತ್ತ ಜೂರಿಕ್ ಪಟ್ಟಣದಲ್ಲಿ, ಸ್ವತಃ ಒಳ್ಳೇ ವಾದ್ಯಗಾರನಾಗಿದ್ದ ಸ್ವಿಂಗ್ಲಿಯ ಕಾಲದಲ್ಲಿ, 1527ರಲ್ಲಿ ದೊಡ್ಡ ದೇವಾಲಯದ ಆರ್ಗನ್ನನ್ನೇ ಒಡೆದು ತೆಗೆದರು. ಲೂಥರನೋ 1524ರಲ್ಲಿಯೇ ಹಾಡಿನ ಪುಸ್ತಕಗಳನ್ನು ಹೊರಡಿಸುತ್ತಿದ್ದನು. ಇಬ್ಬರೂ ದೇವಭಕ್ತರೇ.

ಹಾಗಾದರೆ ಹಲಗೆಯನ್ನು ನಾವು ಯಾಕೆ ಸಹಿಸಲಿಲ್ಲ? ಸತ್ಯ ಹೇಳಿದರೆ ನಾಚಿಕೆಯಾಗುತ್ತದೆ. ಸೆಮಿನರಿಯಲ್ಲಿ ಬೇರೆ ಸೀಮೆಯ ವಿದ್ಯಾರ್ಥಿಗಳ ನಡುವೆ ಕುಳಿತಾಗ, ನಾವು ಯಾವ ಕೇರಿಯವರೆಂದು ಯಾರೂ ಕೇಳದಿರಲಿ ಎಂದು ಆಶಿಸಿದವರು ನಾವು. ಇಂಗ್ಲಿಷ್ ರಾಗಗಳನ್ನು ನಾಲ್ಕು ಧ್ವನಿಗಳಲ್ಲಿ ಹಾಡಲು ಕಲಿತೆವು. ಅದರಲ್ಲಿ ಆನಂದವೂ ಇತ್ತು, ಅಡಗಿಕೊಳ್ಳುವ ಸ್ಥಳವೂ ಇತ್ತು. ಕ್ರಿಸ್ತಜಯಂತಿಯ ರಾತ್ರಿ ಹಲಗೆ ನುಡಿದಾಗ ನಮ್ಮ ಕಿವಿಗೆ ಕೇಳಿಸಿದ್ದು ಮಾರಿಯ ಹೆಸರಲ್ಲ, ಕೇರಿಯ ಹೆಸರು. ಮೇಲಿನ ಓಣಿಯವರು ಕೇಳಿ ನಕ್ಕಾರೆಂದು ಅಂಜಿದೆವು. ಮುತ್ಯಾನ ಅಸಹ್ಯಕ್ಕೆ ಬೆನ್ನಿನ ಮೇಲೆ ಗುರುತುಂಟು. ನಮ್ಮದು ಭಕ್ತಿಯ ಅಂಗಿ ತೊಟ್ಟ ನಾಚಿಕೆ.

ಹುಡುಗರ ಪಕ್ಷಕ್ಕೂ ಬಲವುಂಟು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳೂ ತೆಲುಗಿನ ಪುರುಷೋತ್ತಮ ಚೌಧರಿಯವರೂ ಮರಾಠಿಯ ನಾರಾಯಣ ವಾಮನ ಟಿಳಕರೂ ತಮ್ಮ ನಾಡಿನ ರಾಗಗಳನ್ನು ಕರ್ತನ ಸೇವೆಗೆ ತಂದಾಗ ಸಭೆಯು ಅವನ್ನು ಸ್ವೀಕರಿಸಿತು. ಅವು ಬಹುಮಟ್ಟಿಗೆ ಮರ್ಯಾದೆಯುಳ್ಳವರ ರಾಗಗಳು. ಕೇರಿಯ ವಾದ್ಯಕ್ಕೆ ಆ ಸ್ವಾಗತ ಬಹಳ ತಡವಾಗಿ ದೊರೆಯಿತು. ಮದುರೆಯ ಸೆಮಿನರಿಯಲ್ಲಿ ಕಲಿಸುತ್ತಿದ್ದ ಥಿಯೋಫಿಲಸ್ ಅಪ್ಪಾವು ಎಂಬ ಬೋಧಕರು, 2005ರಲ್ಲಿ ತೀರಿಕೊಂಡವರು, ಹಳ್ಳಿಯ ಪದಗಳ ಮಟ್ಟಿನಲ್ಲಿ ಆರಾಧನೆಯ ಹಾಡುಗಳನ್ನು ಕಟ್ಟಿ, ಹಲಗೆಯಂಥದೇ ಆದ ಪರೈ ವಾದ್ಯವನ್ನು ದೇವಾಲಯದೊಳಗೆ ಬರಮಾಡಿಕೊಂಡರು. ನಮ್ಮ ಹುಡುಗರು ಇಂಥವನ್ನು ಮೊಬೈಲಿನಲ್ಲಿ ನೋಡಿ ಬಲ್ಲರು. ಅವರ ಬೆನ್ನಿಗೆ ಯಾರೂ ಹೊಡೆದಿಲ್ಲ. ಆದಕಾರಣ ಹಲಗೆಯು ಅವರಿಗೆ ತಾತಂದಿರ ವಿದ್ಯೆಯಾಗಿ ಮಾತ್ರ ಕೇಳಿಸುತ್ತದೆ. ಅದು ಅವರ ತಪ್ಪಲ್ಲ, ಹಿರಿಯರು ಗಳಿಸಿ ಕೊಟ್ಟ ಭಾಗ್ಯ.

ಆದರೂ ವಾದ್ಯವು ಶುದ್ಧವೆಂದು ತೋರಿಸಿದ ಮಾತ್ರಕ್ಕೆ ವಿಚಾರ ಮುಗಿಯಲಿಲ್ಲ. ವಿಗ್ರಹಕ್ಕೆ ಅರ್ಪಿಸಿದ ಮಾಂಸದ ವಿಷಯದಲ್ಲಿ ಪೌಲನು ಕೊರಿಂಥದವರಿಗೆ ಬರೆದದ್ದನ್ನು ತೆಗೆದು ಓದಿರಿ. ಪದಾರ್ಥದಲ್ಲಿ ದೋಷವಿಲ್ಲದಿದ್ದರೂ ಸಹೋದರನ ಮನಸ್ಸು ನೋಯುವದಾದರೆ ತಾನು ಅದನ್ನು ಬಿಡುವೆನೆಂದು ಅವನು ಹೇಳುತ್ತಾನೆ. ಶುದ್ಧವಾದ ವಾದ್ಯದಿಂದಲೂ ನೆರೆಯವನನ್ನು ಹಿಂಸಿಸಬಹುದು. ಮದರಾಸಿನ ಒಂದು ಸಭೆಯವರು ಡ್ರಮ್ಮು ಗಿಟಾರುಗಳನ್ನು ಧ್ವನಿವರ್ಧಕ ಹಚ್ಚಿ ಬಾರಿಸಿದ್ದರಿಂದ ಬೇಸತ್ತ ನೆರೆಯವರು ನ್ಯಾಯಸ್ಥಾನಕ್ಕೆ ಹೋದರು. ಮತ್ತೊಬ್ಬರ ಶಾಂತಿಯನ್ನು ಕೆಡಿಸಿ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸುವದಿಲ್ಲವೆಂದು 2000ನೇ ಆಗಸ್ಟ್ 30ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಊರ ಮೆರವಣಿಗೆಗಳ ಡೀಜೆ ಯಂತ್ರವನ್ನು ಬೈಯುವ ನಮ್ಮ ಸಭಿಕರು ನಮ್ಮ ಕೂಟಗಳ ಧ್ವನಿವರ್ಧಕವನ್ನೂ ಒಮ್ಮೆ ಬೀದಿಯಲ್ಲಿ ನಿಂತು ಕೇಳಿ ನೋಡಲಿ. ಆದರೆ ಇದು ಬೇರೆ ಮಾತು.

ಮುತ್ಯಾನ ನೋವು ಧ್ವನಿವರ್ಧಕದ ಗುಂಡಿ ತಿರುವಿದರೆ ತಗ್ಗುವಂಥದಲ್ಲ. ಅದಕ್ಕೆ ಹತ್ತಿರವಾದದ್ದು ನೂರ ಮೂವತ್ತೇಳನೆಯ ಕೀರ್ತನೆ. ಬಾಬೆಲಿನ ನದಿಗಳ ಬಳಿಯಲ್ಲಿ ಸೆರೆಯವರನ್ನು ಹಿಡಿದೊಯ್ದವರೇ ಅವರಿಂದ ಹಾಡು ಕೇಳಿದರು. ಅವರು ಹಾಡಲಿಲ್ಲ, ಕಿನ್ನರಿಗಳನ್ನು ಗಿಡಗಳಿಗೆ ತೂಗುಹಾಕಿದರು. ಅಪ್ಪಣೆಗೆ ಬಾರಿಸಲೊಲ್ಲೆವೆಂಬದೇ ಅವರ ಹಟ. ಆದರೆ ಅವುಗಳನ್ನು ಮುರಿದರೆಂದಾಗಲಿ ನದಿಯಲ್ಲಿ ಎಸೆದರೆಂದಾಗಲಿ ಬರೆದಿಲ್ಲ. ಇದನ್ನು ಓದಿದ ಮೇಲೆ ನಾವು ಪುನಃ ಮುತ್ಯಾನ ಹತ್ತಿರ ಹೋಗಿ, ತಂದೆಯು ತೊಲೆಗೆ ತೂಗುಹಾಕಿದ ಆ ಹಲಗೆ ಏನಾಯಿತು, ಸುಟ್ಟರೋ ಎಂದು ಕೇಳಿದೆವು. “ಯಾಕ ಸುಡಬೇಕು? ತೊಗಲು ಅಪ್ಪನೇ ಹದಾ ಮಾಡಿದ್ದ. ಇಲಿ ತಿಂದವು. ಬಳಿ ಉಳದಿತ್ತು” ಎಂದರು. ಚಿಕ್ಕಂದಿನಲ್ಲಿ ಒಮ್ಮೆ ಅದನ್ನು ಕೆಳಗಿಳಿಸಿ ಆಟಕ್ಕೆಂದು ಬಾರಿಸಿದಾಗ ತಂದೆಯು ಬೈಯಲಿಲ್ಲವಂತೆ, ಗೋಡೆಗೆ ಮುಖ ಮಾಡಿ ಕುಳಿತನಂತೆ. ತಾಳ ಸರಿಯಾಗಿತ್ತೋ ಎಂದು ನಾವು ಸುಮ್ಮನೆ ಕೇಳಿದ್ದಕ್ಕೆ ಮುತ್ಯಾ ನಕ್ಕರು.

ಸುಗ್ಗಿ ಮುಗಿದ ಮೇಲೆ ಸಭೆಯ ಪಂಚರು ಈ ವಿಷಯಕ್ಕಾಗಿ ಕೂಡಲಿದ್ದಾರೆ. ಮೊದಲು ಹುಡುಗರ ವಿರುದ್ಧವಾಗಿ ಮಾತಾಡಬೇಕೆಂದಿದ್ದ ನಾವು ಈಗ ಮೊದಲು ಮಾತಾಡುವದಿಲ್ಲವೆಂದು ನಿಶ್ಚಯಿಸಿಕೊಂಡಿದ್ದೇವೆ. ಮುತ್ಯಾ ಬರುತ್ತೇನೆಂದಿದ್ದಾರೆ. ಆ ದಿವಸ ಹಲಗೆಯನ್ನು ತರಬೇಕೋ ಬೇಡವೋ ಎಂದು ಹುಡುಗರು ನಮ್ಮನ್ನು ಕೇಳಲು ಬಂದರು. ಅವರ ಮನೆಗೇ ಹೋಗಿ ಅವರನ್ನೇ ಕೇಳಿರಿ ಎಂದು ಕಳುಹಿಸಿದ್ದೇವೆ.